ರಿವರ್ಸ್ ಬೀಳದಿದ್ದರೆ ಮೊದಲು ಕ್ಲಚ್ ನೋಡಿ

(ಮಾಟುಂಗದಲ್ಲಿ ಒಂದು ಭಾನುವಾರ ಮುಂಬೈ ಕನ್ನಡಿಗರ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮಳೆಯಲ್ಲಿ, ಅದೂ ಹಳಿ ರಿಪೇರಿಗೆ ಲೋಕಲ್ ರೈಲು ನಿಲ್ಲಿಸುವ ಮೆಗಾ ಬ್ಲಾಕ್ ಇರುವ ಭಾನುವಾರ, ಡೊಂಬಿವಲಿಯಿಂದ, ಮೀರಾ ರೋಡಿನಿಂದ ಇಲ್ಲಿಗೆ ಬಂದಿದ್ದೀರಿ. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ.

ನಾನು 1989ರಲ್ಲಿ ಕುಂದಾಪುರದ ಕಡೆಯಿಂದ ಈ ಊರಿಗೆ ಬಂದೆ. ಆಗ ನನಗೆ ಹದಿನೇಳು. ಅಂದಿನಿಂದ ಇಂದಿನವರೆಗೆ ಸಾಕಿನಾಕಾದ ಗ್ಯಾರೇಜುಗಳಲ್ಲೇ ಇದ್ದೇನೆ. ಕೆಟ್ಟ ಕಾರು ಸಾವಿರ ಥರದ್ದು ಬರುತ್ತದೆ. ಆದರೆ "ಅಣ್ಣಾ, ರಿವರ್ಸ್ ಬೀಳ್ತಾ ಇಲ್ಲ" ಅಂತ ಫೋನ್ ಬಂದಾಗ ಆ ದನಿಯೇ ಬೇರೆ ಇರುತ್ತದೆ. ಐದನೇ ಗೇರ್ ಹೋದರೂ ನಮ್ಮ ಊರಲ್ಲಿ ತಿಂಗಳುಗಟ್ಟಲೆ ಓಡಿಸಬಹುದು, ಅದನ್ನು ಹಾಕಲು ಜಾಗವೇ ಸಿಗುವುದಿಲ್ಲ. ರಿವರ್ಸ್ ಹೋದರೆ ಮಾತ್ರ ಬಿಲ್ಡಿಂಗಿನಿಂದ ಹೊರಗೇ ಬರಲಾಗದು. ಮುಂದೆ ಗೋಡೆ, ಪಕ್ಕದಲ್ಲಿ ಕಂಬ, ಹಿಂದೆ ಇನ್ನೊಬ್ಬರ ಸ್ಕೂಟರು. ವಾಚ್‌ಮನ್ ಸೀಟಿ ಊದುತ್ತಾ ನಿಂತಿರುತ್ತಾನೆ.

ಆ ಗಾಬರಿಯಲ್ಲೇ ಜನ ದುಡ್ಡು ಕಳೆದುಕೊಳ್ಳುತ್ತಾರೆ. ಯಾರೋ "ಗೇರ್‌ಬಾಕ್ಸ್ ಇಳಿಸ್ಬೇಕು" ಅನ್ನುತ್ತಾರೆ, ಇವರು ಆಯ್ತು ಅನ್ನುತ್ತಾರೆ. ನಾನು ಇಷ್ಟು ವರ್ಷದಲ್ಲಿ ನೋಡಿದ ರಿವರ್ಸ್ ದೂರುಗಳಲ್ಲಿ ಜಾಸ್ತಿ ಪಾಲು ಗೇರ್‌ಬಾಕ್ಸಿನ ಹೊರಗೇ ಮುಗಿದಿವೆ. ಕ್ಲಚ್ಚು, ಕೇಬಲ್ಲು, ಒಂದು ಬುಷ್ಷು, ಒಂದು ಬಾಟಲಿ ಎಣ್ಣೆ. ಇವತ್ತು ನಾನು ಹೇಳಲು ಬಂದಿರುವುದು ಇದನ್ನೇ.

ಮೊದಲು ಈ ಡಬ್ಬಿಯಲ್ಲಿರುವುದನ್ನು ನೋಡಿ. ಕೈಯಿಂದ ಕೈಗೆ ದಾಟಿಸಿ. ಸ್ವಲ್ಪ ಎಣ್ಣೆ ಹತ್ತುತ್ತದೆ, ಪಕ್ಕದಲ್ಲಿ ಬಟ್ಟೆ ಇಟ್ಟಿದ್ದೇನೆ. ಇವು ಒಂದು ಹಳೆಯ ಸಣ್ಣ ಕಾರಿನ ಮೂರು ಗೇರುಗಳು. ಎರಡು ಹಲ್ಲಿನ ಚಕ್ರ ಒಂದಕ್ಕೊಂದು ಕಚ್ಚಿಕೊಂಡರೆ ಒಂದು ಬಲಕ್ಕೆ, ಇನ್ನೊಂದು ಎಡಕ್ಕೆ ತಿರುಗುತ್ತದೆ. ಕಾರು ಮುಂದಕ್ಕೆ ಹೋಗುವುದು ಹೀಗೆ. ಈಗ ನಡುವೆ ಈ ಮೂರನೆಯದನ್ನು ತುರುಕುತ್ತೇನೆ. ನೋಡಿ, ಕೊನೆಯ ಚಕ್ರ ಉಲ್ಟಾ ತಿರುಗಿತು. ರಿವರ್ಸ್ ಅಂದರೆ ಇಷ್ಟೇ. ನಡುವಿನ ಈ ಸಣ್ಣ ಚಕ್ರಕ್ಕೆ ಐಡ್ಲರ್ ಅನ್ನುತ್ತೇವೆ.

ಇದರ ಹಲ್ಲುಗಳ ಮೇಲೆ ಬೆರಳಾಡಿಸಿ. ನೆಟ್ಟಗಿವೆ. ಕಾರನ್ನು ಮುಂದಕ್ಕೆ ಓಡಿಸುವ ಗೇರುಗಳ ಹಲ್ಲು ಓರೆಯಾಗಿರುತ್ತವೆ, ಅದಕ್ಕೇ ಅವು ಸದ್ದಿಲ್ಲದೆ ಓಡುತ್ತವೆ. ರಿವರ್ಸಿನಲ್ಲಿ "ಊಂ" ಅಂತ ಕೊರಗುವ ಶಬ್ದ ಬರುವುದು ಈ ನೆಟ್ಟಗಿನ ಹಲ್ಲಿನಿಂದ. ಅದು ರೋಗವಲ್ಲ, ಹೆದರಬೇಡಿ.

ಇನ್ನೂ ಮುಖ್ಯವಾದ ವ್ಯತ್ಯಾಸ ಒಂದಿದೆ. ಮುಂದಿನ ಗೇರುಗಳು ಯಾವಾಗಲೂ ಒಂದಕ್ಕೊಂದು ಕಚ್ಚಿಕೊಂಡೇ ತಿರುಗುತ್ತಿರುತ್ತವೆ. ನೀವು ಗೇರ್ ಹಾಕಿದಾಗ ಸಿಂಕ್ರೊ ರಿಂಗ್ ಅನ್ನುವ ಹಿತ್ತಾಳೆ ಬಳೆ ಎರಡೂ ಕಡೆಯ ವೇಗವನ್ನು ಸಮ ಮಾಡುತ್ತದೆ, ಆಮೇಲೆ ಗೇರ್ ಮೆತ್ತಗೆ ಕೂರುತ್ತದೆ. ಬಹಳಷ್ಟು ಕಾರುಗಳಲ್ಲಿ ರಿವರ್ಸಿಗೆ ಈ ಬಳೆಯೇ ಇಲ್ಲ. ಐಡ್ಲರ್ ಸರಿದು ಬಂದು, ಹಲ್ಲಿನ ಸಂದಿಗೆ ಹಲ್ಲು ಸಿಕ್ಕಿದರೆ ಮಾತ್ರ ಒಳಗೆ ಹೋಗುತ್ತದೆ. ಒಳಗಿನ ಶಾಫ್ಟ್, ಅಂದರೆ ಗೇರುಗಳು ಕೂತಿರುವ ಸರಳು, ಸ್ವಲ್ಪ ತಿರುಗುತ್ತಿದ್ದರೂ "ಗರ್ರ್" ಅನ್ನುತ್ತದೆ. ಕೆಲವು ಹೊಸ ಕಾರುಗಳಲ್ಲಿ ರಿವರ್ಸಿಗೂ ಸಿಂಕ್ರೊ ಕೊಟ್ಟಿದ್ದಾರೆ. ಆದರೆ ನಮ್ಮ ಬೀದಿಗಳಲ್ಲಿ ಓಡುವ ಸಣ್ಣ ಕಾರುಗಳಲ್ಲಿ ಹೆಚ್ಚಿನವಕ್ಕೆ ಇಲ್ಲ.

ಆ ಶಾಫ್ಟನ್ನು ತಿರುಗಿಸುವುದು ಇಂಜಿನ್. ಪೆಡಲ್ ಒತ್ತಿದಾಗ ಇಂಜಿನ್ನಿನಿಂದ ಅದನ್ನು ಬಿಡಿಸುವುದು ಕ್ಲಚ್. ಅಂದರೆ ಕ್ಲಚ್ ಪೂರ್ತಿ ಬಿಡದಿದ್ದಾಗ ಶಾಫ್ಟ್ ತಿರುಗುತ್ತಲೇ ಇರುತ್ತದೆ. ಎರಡನೇ ಗೇರ್, ಮೂರನೇ ಗೇರ್ ಅದನ್ನು ಹೇಗೋ ಸಹಿಸಿಕೊಂಡು ಹೋಗುತ್ತವೆ. ಸಿಂಕ್ರೊ ಬಳೆ ತಾನು ಸವೆದು ತಪ್ಪನ್ನು ಮುಚ್ಚಿಡುತ್ತದೆ. ರಿವರ್ಸಿಗೆ ಮುಚ್ಚಿಡುವವರು ಯಾರೂ ಇಲ್ಲ. ಅದಕ್ಕೇ ಮೊದಲ ದೂರು ಅಲ್ಲಿಂದ ಬರುತ್ತದೆ. ರೋಗ ಕ್ಲಚ್ಚಿನದು, ಅಳುವುದು ರಿವರ್ಸು.

ಹಾಗಾದರೆ ಪತ್ತೆ ಹೇಗೆ? ಒಂದು ಪರೀಕ್ಷೆ ಇದೆ. ಕಾಸು ಖರ್ಚಿಲ್ಲ, ಸ್ಪ್ಯಾನರೂ ಬೇಡ. ಕಾರನ್ನು ಸಮ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಇಂಜಿನ್ ಆಫ್ ಮಾಡಿ. ಕ್ಲಚ್ ಪೂರ್ತಿ ಒತ್ತಿ ರಿವರ್ಸ್ ಹಾಕಿ ನೋಡಿ. ಒಂದು ಸಲ ಬೀಳದಿದ್ದರೆ ಹಲ್ಲಿಗೆ ಹಲ್ಲು ಎದುರಾಗಿರಬಹುದು. ಹ್ಯಾಂಡ್‌ಬ್ರೇಕ್ ಇಳಿಸಿ ಕಾರನ್ನು ಕೈಯಿಂದ ಗೇಣುದ್ದ ಅಲ್ಲಾಡಿಸಿ ಇನ್ನೊಮ್ಮೆ ಹಾಕಿ. ಇಂಜಿನ್ ಆಫ್ ಇದ್ದಾಗ ಸಲೀಸಾಗಿ ಬಿದ್ದು, ಇಂಜಿನ್ ಓಡುತ್ತಿದ್ದಾಗ ಮಾತ್ರ ಬೀಳದಿದ್ದರೆ ಅಥವಾ ಗರ್ ಅಂದರೆ, ಕ್ಲಚ್ ಬಿಡುತ್ತಿಲ್ಲ. ಇಂಜಿನ್ ಆಫ್ ಇದ್ದರೂ ಬೀಳದಿದ್ದರೆ ಕ್ಲಚ್ಚಿನ ಮೇಲೆ ಅನುಮಾನ ಬೇಡ, ಲಿವರ್, ಕೇಬಲ್ ಅಥವಾ ಗೇರ್‌ಬಾಕ್ಸಿನ ಒಳಗಡೆ ನೋಡಬೇಕು. ಮೆಕ್ಯಾನಿಕ್ ಹತ್ತಿರ ಹೋಗುವ ಮೊದಲು ಈ ಒಂದು ಉತ್ತರ ನಿಮ್ಮ ಕೈಯಲ್ಲಿರಲಿ. ಅರ್ಧ ಕೆಲಸ ಮುಗಿದಂತೆ.

ಕ್ಲಚ್ ಕಡೆಗೆ ಬರೋಣ. ಇಲ್ಲಿ ಒಂದು ಘಟನೆ ಹೇಳಲೇಬೇಕು.

ಮುಲುಂಡಿನಲ್ಲಿರುವ ಒಬ್ಬರು ಅಕ್ಕ, ಶಾಲೆಯಲ್ಲಿ ಟೀಚರ್. ಮಳೆಗಾಲ ಶುರುವಾಗಿ ವಾರ ಆಗಿತ್ತು. ರಿವರ್ಸ್ ಹಾಕಿದರೆ ಗರ್ ಅನ್ನುತ್ತೆ, ಒಂದೊಂದು ಸಲ ಬೀಳುವುದೇ ಇಲ್ಲ. ಒಂದು ಗ್ಯಾರೇಜಿನವರು ಕ್ಲಚ್ ಸೆಟ್, ಗೇರ್‌ಬಾಕ್ಸ್ ಕೆಲಸ ಎರಡೂ ಆಗಬೇಕು ಅಂತ ದೊಡ್ಡ ಅಂದಾಜು ಬರೆದುಕೊಟ್ಟಿದ್ದರು. ಆ ಚೀಟಿ ಹಿಡಿದು ನನ್ನ ಹತ್ತಿರ ಬಂದರು. ನಾನು ಸೀಟಿನಲ್ಲಿ ಕೂತು ಕ್ಲಚ್ ಒತ್ತಿದೆ. ಪೆಡಲ್ ಕೊನೆಗೆ ಹೋಗಿ ನಿಂತಿತು, ಆದರೆ ನಿಂತದ್ದು ಮೆತ್ತಗೆ. ಲೋಹಕ್ಕೆ ತಾಗಿ ನಿಂತ ಹಾಗಿರಲಿಲ್ಲ. ಬಗ್ಗಿ ನೋಡಿದೆ. ಕಂಪನಿಯ ಕಾರ್ಪೆಟ್ಟು, ಅದರ ಮೇಲೆ ರಬ್ಬರ್ ಮ್ಯಾಟು, ಮಳೆ ನೀರಿಗೆ ಅಂತ ಅದರ ಮೇಲೆ ಇನ್ನೊಂದು ಹೊಸ ದಪ್ಪ ಮ್ಯಾಟು. ಮೇಲಿನದು ಮುಂದಕ್ಕೆ ಜಾರಿ ಪೆಡಲ್ ಹಿಂದೆ ಮಡಚಿ ಕೂತಿತ್ತು. ಎರಡು ಬೆರಳಿನಷ್ಟು ದಪ್ಪ. ಪೆಡಲ್ಲಿಗೆ ಅಷ್ಟು ದಾರಿ ಕಡಿಮೆ ಸಿಗುತ್ತಿತ್ತು, ಕ್ಲಚ್ ಅಷ್ಟು ಕಡಿಮೆ ಬಿಡುತ್ತಿತ್ತು. ಮ್ಯಾಟ್ ಎತ್ತಿ ಹಿಂದಿನ ಸೀಟಿಗೆ ಹಾಕಿದೆ. ರಿವರ್ಸ್ ಬೆಣ್ಣೆಯ ಹಾಗೆ ಬಿತ್ತು. ಆ ಅಕ್ಕ ಐದು ನಿಮಿಷ ಮಾತಾಡಲಿಲ್ಲ. ಆಮೇಲೆ ಆ ಚೀಟಿಯನ್ನು ಹರಿದು ಪರ್ಸಿಗೆ ಹಾಕಿಕೊಂಡರು.

ಇದು ನಗುವ ವಿಷಯ ಅಂತ ನನಗೆ ಅನ್ನಿಸುವುದಿಲ್ಲ. ಅದೇ ಮ್ಯಾಟು ಬ್ರೇಕ್ ಅಥವಾ ಆಕ್ಸಲರೇಟರ್ ಕೆಳಗೆ ಹೋಗಿದ್ದರೆ? ಇವತ್ತು ಮನೆಗೆ ಹೋದ ಕೂಡಲೇ ನಿಮ್ಮ ಕಾರಿನ ಮ್ಯಾಟ್ ನೋಡಿ. ಒಂದೇ ಇರಲಿ, ಕೆಳಗಿನ ಕೊಕ್ಕೆಗೆ ಸಿಕ್ಕಿಸಿರಲಿ.

ಮ್ಯಾಟ್ ಸರಿ ಇದ್ದರೆ ಮುಂದಿನದು ನಿಮ್ಮ ಕ್ಲಚ್ ಯಾವ ಥರದ್ದು ಅನ್ನುವುದು. ಕೆಲವು ಕಾರುಗಳಲ್ಲಿ ಪೆಡಲ್ಲಿನಿಂದ ಗೇರ್‌ಬಾಕ್ಸಿಗೆ ಉಕ್ಕಿನ ಕೇಬಲ್ ಹೋಗುತ್ತದೆ. ಅದು ದಿನ ಕಳೆದ ಹಾಗೆ ಉದ್ದವಾಗುತ್ತದೆ, ಒಂದೊಂದೇ ಎಳೆ ಕಡಿಯುತ್ತದೆ. ಪೆಡಲ್ ಮೇಲ್ಗಡೆ ಜಾಸ್ತಿ ಸಡಿಲ ಅನ್ನಿಸಿ, ತೀರಾ ಕೆಳಗೆ ಹೋದಮೇಲೆ ಕೆಲಸ ಮಾಡಿದರೆ ಕೇಬಲ್ ಸಡಿಲವಾಗಿದೆ ಅಂತ. ಗೇರ್‌ಬಾಕ್ಸ್ ಕಡೆಯ ತುದಿಯಲ್ಲಿ ನಟ್ ಇರುತ್ತದೆ, ಅದನ್ನು ತಿರುಗಿಸಿ ಸರಿ ಮಾಡಬಹುದು. ತುಂಬಾ ಬಿಗಿ ಮಾಡಿದರೆ ಕ್ಲಚ್ ಜಾರುತ್ತದೆ, ಅದನ್ನೂ ನೆನಪಿಡಿ. ಕಾರಿನ ಪುಸ್ತಕದಲ್ಲಿ ಎಷ್ಟು ಮಿಲಿಮೀಟರ್ ಸಡಿಲ ಇರಬೇಕು ಅಂತ ಬರೆದಿರುತ್ತಾರೆ, ಅಷ್ಟೇ ಇಡಿ.

ಹೈಡ್ರಾಲಿಕ್ ಕ್ಲಚ್ಚಿನಲ್ಲಿ ಕೇಬಲ್ ಬದಲು ಎಣ್ಣೆ ಕೆಲಸ ಮಾಡುತ್ತದೆ. ಮೇಲೆ ಮಾಸ್ಟರ್ ಸಿಲಿಂಡರ್, ಕೆಳಗೆ ಸ್ಲೇವ್ ಸಿಲಿಂಡರ್, ನಡುವೆ ಪೈಪು. ಎಷ್ಟೋ ಕಾರುಗಳಲ್ಲಿ ಇದರ ಎಣ್ಣೆ ಬ್ರೇಕಿನ ಡಬ್ಬಿಯಿಂದಲೇ ಬರುತ್ತದೆ. ಇದಕ್ಕೆ ಒಂದು ಸುಲಭ ಪರೀಕ್ಷೆ ಇದೆ. ರಿವರ್ಸ್ ಬೀಳದಾಗ ಕ್ಲಚ್ಚನ್ನು ನಾಲ್ಕೈದು ಸಲ ಬೇಗ ಬೇಗ ಪಂಪ್ ಮಾಡಿ, ಕೊನೆಯ ಸಲ ಒತ್ತಿ ಹಿಡಿದು ಗೇರ್ ಹಾಕಿ. ಆಗ ಬಿದ್ದರೆ ಪೈಪಿನಲ್ಲಿ ಗಾಳಿ ಸೇರಿದೆ ಅಥವಾ ಒಳಗಿನ ರಬ್ಬರ್ ಸೀಲ್ ಸೋತಿದೆ. ಆಮೇಲೆ ಪೆಡಲ್ ಮೇಲ್ಭಾಗದ ಸರಳಿನ ಸುತ್ತ ಬೆರಳು ಒರೆಸಿ ನೋಡಿ. ಒದ್ದೆ ಇದ್ದರೆ ಮಾಸ್ಟರ್ ಸಿಲಿಂಡರ್ ಸೋರುತ್ತಿದೆ. ಗೇರ್‌ಬಾಕ್ಸ್ ಹತ್ತಿರ ಒದ್ದೆ ಇದ್ದರೆ ಸ್ಲೇವ್. ಸಿಲಿಂಡರ್ ಬದಲಿಸಿ ಏರ್ ತೆಗೆದರೆ ಅರ್ಧ ದಿನದ ಕೆಲಸ. ಕೆಲವು ಕಾರುಗಳಲ್ಲಿ ಸ್ಲೇವ್ ಸಿಲಿಂಡರ್ ಗೇರ್‌ಬಾಕ್ಸಿನ ಒಳಗೇ ಇರುತ್ತದೆ, ಆಗ ಇಳಿಸದೆ ದಾರಿಯಿಲ್ಲ.

ಈ ಎಣ್ಣೆಯ ಬಗ್ಗೆ ಎರಡು ಮಾತು. ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಅಂತ ಬರೆದಿರುತ್ತದೆ. ಅದನ್ನೇ ಹಾಕಿ. ಒಬ್ಬರು ಅವಸರದಲ್ಲಿ ಅದಕ್ಕೆ ಸ್ಟೀರಿಂಗ್ ಎಣ್ಣೆ ಹಾಕಿಸಿಕೊಂಡು ಬಂದಿದ್ದರು. ರಬ್ಬರ್ ಸೀಲುಗಳೆಲ್ಲ ಉಬ್ಬಿ, ಕ್ಲಚ್ ಜೊತೆಗೆ ಬ್ರೇಕಿನ ಸೀಲುಗಳನ್ನೂ ಪೂರ್ತಿ ಬದಲಿಸಬೇಕಾಯಿತು. ಇನ್ನೊಂದು, ಬ್ರೇಕ್ ಎಣ್ಣೆ ಗಾಳಿಯಲ್ಲಿನ ತೇವ ಹೀರುತ್ತದೆ. ಮುಂಬೈ ಗಾಳಿಯಲ್ಲಿ ತೇವಕ್ಕೆ ಬರವೇ? ಎರಡು ವರ್ಷಕ್ಕೊಮ್ಮೆ ಬದಲಿಸಿ. ಕಾರಿನ ಬಣ್ಣದ ಮೇಲೆ ಬಿದ್ದರೆ ಕೂಡಲೇ ನೀರು ಹಾಕಿ ತೊಳೆಯಿರಿ, ಬಣ್ಣ ತಿಂದುಬಿಡುತ್ತದೆ.

ಮಳೆಯ ಮಾತು ಬಂತು. 2005ರ ಜುಲೈ 26 ಇಲ್ಲಿ ಯಾರಿಗೆ ಮರೆತಿದೆ? ಸಾಂತಾಕ್ರೂಜಿನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ. ನಮ್ಮ ಗ್ಯಾರೇಜಿನಲ್ಲಿ ಎದೆಮಟ್ಟ ನೀರು. ನೀರು ಇಳಿದಮೇಲೆ ಬಂದ ಕಾರುಗಳಲ್ಲಿ ಒಂದು ವಿಚಿತ್ರ ನೋಡಿದೆವು. ಇಂಜಿನ್ ಒಣಗಿಸಿ ಹೇಗೋ ಸ್ಟಾರ್ಟ್ ಮಾಡಿದರೆ ಯಾವ ಗೇರೂ ಬೀಳುತ್ತಿರಲಿಲ್ಲ. ಇಂಜಿನ್ ಆಫ್ ಮಾಡಿದರೆ ಎಲ್ಲವೂ ಬೀಳುತ್ತಿದ್ದವು. ಬಿಚ್ಚಿ ನೋಡಿದರೆ ಕ್ಲಚ್ ಪ್ಲೇಟು ತುಕ್ಕು ಹಿಡಿದು ಇಂಜಿನ್ ತುದಿಯ ಭಾರದ ಚಕ್ರಕ್ಕೆ, ಅಂದರೆ ಫ್ಲೈವೀಲಿಗೆ, ಅಂಟಿಕೊಂಡಿತ್ತು, ಬಾಣಲೆಗೆ ತಳ ಹಿಡಿದ ಹಾಗೆ. ಕೆಲವನ್ನು ತಟ್ಟಿ ಬಿಡಿಸಬೇಕಾಯಿತು. ಇವತ್ತಿಗೂ ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿಟ್ಟ ಕಾರಿಗೆ ಇದು ಆಗುತ್ತದೆ. ಊರಿಗೆ ಹೋಗುವವರು ಯಾರಿಗಾದರೂ ಹೇಳಿ, ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ನಾಲ್ಕು ಹೆಜ್ಜೆ ಮುಂದೆ ಹಿಂದೆ ಓಡಿಸಲಿ. ಸುಮ್ನೆ ಸ್ಟಾರ್ಟ್ ಮಾಡಿ ನಿಲ್ಲಿಸಿದರೆ ಕ್ಲಚ್ಚಿಗೆ ಏನೂ ಪ್ರಯೋಜನ ಇಲ್ಲ.

ಈಗ ಇನ್ನೊಂದು ದಾರಿ. ಇಂಜಿನ್ ಆಫ್ ಇದ್ದರೂ ರಿವರ್ಸ್ ಬೀಳುವುದಿಲ್ಲ. ಇಲ್ಲಿ ನನಗೆ ನನ್ನ ಉಸ್ತಾದ್ ನೆನಪಾಗುತ್ತಾರೆ. ನಾನು ಕೆಲಸ ಕಲಿತದ್ದು ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳ ಮೇಲೆ. ಗೇರ್ ಲಿವರ್ ಸ್ಟೀರಿಂಗ್ ಪಕ್ಕದಲ್ಲಿ. ಅಲ್ಲಿಂದ ಗೇರ್‌ಬಾಕ್ಸಿಗೆ ಸರಳುಗಳು, ಕೀಲುಗಳು. ಒಂದು ಕೀಲು ಸವೆದರೂ ಲಿವರ್ ಒಂದು ಕಡೆ ಹೋದರೆ ಗೇರ್ ಇನ್ನೊಂದು ಕಡೆ. ಉಸ್ತಾದ್ ನನ್ನನ್ನು ಬಾನೆಟ್ ಹತ್ತಿರ ನಿಲ್ಲಿಸಿ, ಡ್ರೈವರಿಗೆ ಲಿವರ್ ಅಲ್ಲಾಡಿಸಲು ಹೇಳುತ್ತಿದ್ದರು. ಎಲ್ಲಿಯವರೆಗೆ ಸರಳು ಅಲ್ಲಾಡುತ್ತದೆ, ಎಲ್ಲಿ ನಿಂತುಹೋಗುತ್ತದೆ ಅಂತ ಕಣ್ಣಲ್ಲೇ ಹಿಂಬಾಲಿಸಬೇಕು. ಕೊನೆಯ ಪದ್ಮಿನಿ ಟ್ಯಾಕ್ಸಿ 2003ರ ಅಕ್ಟೋಬರ್ 29ರಂದು ತಾಡದೇವ್ ಆರ್‌ಟಿಓದಲ್ಲಿ ನೋಂದಣಿಯಾಗಿತ್ತು. ಟ್ಯಾಕ್ಸಿಗಿದ್ದ 20 ವರ್ಷದ ಮಿತಿ ಮುಗಿದು 2023ರ ಅಕ್ಟೋಬರಿನಲ್ಲಿ ಅವು ರಸ್ತೆಯಿಂದ ಹೋದವು. ಆ ಕಾರು ಹೋಯಿತು, ಆ ಪರೀಕ್ಷೆ ಇಂದಿಗೂ ನನ್ನ ಗ್ಯಾರೇಜಿನಲ್ಲಿ ಇದೆ.

ಈಗಿನ ಕಾರುಗಳಲ್ಲಿ ಲಿವರಿನಿಂದ ಎರಡು ಕೇಬಲ್ ಹೋಗುತ್ತವೆ. ಒಂದು ಎಡ-ಬಲಕ್ಕೆ, ಇನ್ನೊಂದು ಹಿಂದೆ-ಮುಂದೆ. ತುದಿಯಲ್ಲಿ ಪ್ಲಾಸ್ಟಿಕ್ ಬುಷ್, ಅದು ಒಂದು ಲೋಹದ ಗುಂಡಿಗೆ ಕೂತಿರುತ್ತದೆ. ಇದೋ, ಇಂಥದ್ದು. ಬಳೆ ಚೂರಿನಷ್ಟಿದೆ ಅಲ್ವಾ? ಬಿಸಿಗೆ ಗಟ್ಟಿಯಾಗಿ ಒಡೆಯುತ್ತದೆ. ಮಧ್ಯದಲ್ಲಿರುವ ಮೂರು ನಾಲ್ಕನೇ ಗೇರುಗಳು ಆಗಲೂ ಬೀಳುತ್ತವೆ. ರಿವರ್ಸ್ ಇರುವುದು ತೀರಾ ಅಂಚಿನಲ್ಲಿ, ಸ್ವಲ್ಪ ಸಡಿಲವಾದರೂ ಲಿವರ್ ಅಲ್ಲಿಗೆ ಮುಟ್ಟುವುದಿಲ್ಲ. ಇಂಜಿನ್ ಹಿಡಿದಿರುವ ಮೌಂಟ್ ಒಡೆದು ಇಡೀ ಇಂಜಿನ್ ಒಂದು ಕಡೆ ವಾಲಿದರೂ ಇದೇ ಆಗುತ್ತದೆ.

ಆಮೇಲೆ ಲಾಕ್. ಓಡುವಾಗ ತಪ್ಪಿ ರಿವರ್ಸ್ ಬೀಳದಿರಲಿ ಅಂತ ಪ್ರತಿ ಕಂಪನಿಯೂ ಒಂದು ತಡೆ ಇಟ್ಟಿರುತ್ತದೆ. ಹ್ಯುಂಡೈ ಐ20ಯಲ್ಲಿ ಲಿವರಿನ ತುದಿಯ ಗುಬುಟಿನ ಕೆಳಗಿನ ರಿಂಗ್ ಮೇಲಕ್ಕೆ ಎತ್ತಬೇಕು. ಸ್ಕೋಡಾ, ಫೋಕ್ಸ್‌ವ್ಯಾಗನ್‌ನಲ್ಲಿ ಲಿವರನ್ನು ಕೆಳಕ್ಕೆ ಒತ್ತಬೇಕು. ಮಾರುತಿ ಸ್ವಿಫ್ಟಿನಲ್ಲಿ ರಿವರ್ಸ್ ಐದನೆಯದರ ಕೆಳಗೆ, ಐದರಿಂದ ನೇರ ಎಳೆದರೆ ಬೀಳದು, ನ್ಯೂಟ್ರಲಿಗೆ ಬಂದು ಹೋಗಬೇಕು. ಬಾಡಿಗೆಗೆ ತಂದ ಕಾರಿನಲ್ಲಿ ಇದು ಗೊತ್ತಿಲ್ಲದೆ ನನಗೆ ಫೋನ್ ಮಾಡಿದವರಿದ್ದಾರೆ. ಅದರಲ್ಲಿ ತಪ್ಪಿಲ್ಲ, ಕೇಳಿದ್ದೇ ಒಳ್ಳೆಯದು. ಎತ್ತುವ ರಿಂಗಿನ ಒಳಗಿನ ತಂತಿ ಕಡಿದರೆ ರಿಂಗ್ ಸುಮ್ನೆ ಮೇಲೆ ಕೆಳಗೆ ಆಡುತ್ತದೆ, ತಡೆ ಮಾತ್ರ ಸರಿಯುವುದಿಲ್ಲ. ಅಂಥ ಕಾರುಗಳಲ್ಲಿ ರಿವರ್ಸ್ ಮೊದಲ ಗೇರಿನ ಪಕ್ಕದಲ್ಲೇ ಇರುವುದರಿಂದ ಹಿಂದಕ್ಕೆ ಅಂದುಕೊಂಡದ್ದು ಮುಂದಕ್ಕೆ ಹಾರಬಹುದು. ಮುಂದೆ ಮಗು ಇದ್ದರೆ? ಇದನ್ನು ಒಂದು ದಿನವೂ ಮುಂದೂಡಬೇಡಿ.

ಲಿವರ್ ಕಡೆಯ ತಪ್ಪೋ, ಗೇರ್‌ಬಾಕ್ಸ್ ಒಳಗಿನದೋ ಅಂತ ಹೇಳಲು ಹಿಂದಿನ ಬಿಳಿ ದೀಪ ಸಹಾಯ ಮಾಡುತ್ತದೆ. ಮ್ಯಾನ್ಯುಯಲ್ ಕಾರಿನಲ್ಲಿ ಅದರ ಸ್ವಿಚ್ ಸಾಮಾನ್ಯವಾಗಿ ಗೇರ್‌ಬಾಕ್ಸಿನ ಮೇಲೆಯೇ ಇರುತ್ತದೆ. ಇಂಜಿನ್ ಓಡಿಸದೆ ಕೀ ಮಾತ್ರ ಆನ್ ಮಾಡಿ, ರಿವರ್ಸ್ ಹಾಕಿ, ಮನೆಯವರನ್ನು ಹಿಂದೆ ನಿಲ್ಲಿಸಿ ಕೇಳಿ. ದೀಪ ಹತ್ತಿದರೆ ಒಳಗಿನ ಸರಳು ರಿವರ್ಸ್ ಜಾಗಕ್ಕೆ ಬಂದಿದೆ ಅಂತ. ಹೀಗೆ ದೀಪ ಹತ್ತಿಯೂ ರಿವರ್ಸಿನಲ್ಲಿ ಮಾತ್ರ ಕಾರು ಅಲ್ಲಾಡದೆ, ಮುಂದಿನ ಗೇರುಗಳೆಲ್ಲ ಎಳೆಯುತ್ತಿದ್ದರೆ, ಆಗ ನಾನೂ ಗೇರ್‌ಬಾಕ್ಸ್ ಇಳಿಸಿ ಅನ್ನುತ್ತೇನೆ.

ಇಳಿಸುವ ಮೊದಲು ಗೇರ್ ಎಣ್ಣೆಯನ್ನು ಒಂದು ಬಿಳಿ ಡಬ್ಬಿಗೆ ಬಸಿದು ನೋಡಬೇಕು. ಕೆಳಗಿನ ಬೋಲ್ಟಿನಲ್ಲಿ ಅಯಸ್ಕಾಂತ ಇದ್ದರೆ ಅದರ ಮೇಲೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಇರುತ್ತದೆ. ಅದು ಸಹಜ. ಬೆರಳಿಗೆ ಚುಚ್ಚುವ ಚೂರು ಸಿಕ್ಕಿದರೆ ಹಲ್ಲು ಮುರಿದಿದೆ. ನಾನು ಮೊದಲು ದಾಟಿಸಿದ ಡಬ್ಬಿಯಲ್ಲಿರುವ ಆ ಇನ್ನೊಂದು ಐಡ್ಲರ್ ನೋಡಿ. ಹಲ್ಲಿನ ಒಂದು ಬದಿ ಮಾತ್ರ ಇಲಿ ಕಡಿದ ಕೊಬ್ಬರಿಯ ಹಾಗೆ ಆಗಿದೆ, ಇನ್ನೊಂದು ಬದಿ ಹೊಸದರ ಹಾಗಿದೆ. ಸರಿದು ಒಳಗೆ ಬರುವಾಗ ಮೊದಲು ತಾಗುವ ಬದಿ ಅದು. ಕಾರು ಇನ್ನೂ ಮುಂದಕ್ಕೆ ಉರುಳುತ್ತಿರುವಾಗಲೇ ರಿವರ್ಸಿಗೆ ಎಳೆಯುವ ಅಭ್ಯಾಸ ಇದ್ದವರ ಕಾರಿನಿಂದ ತೆಗೆದದ್ದು. ಪೂರ್ತಿ ನಿಲ್ಲಿಸಿ, ಕ್ಲಚ್ ಒತ್ತಿ ಮೂರು ಎಣಿಸಿ, ಆಮೇಲೆ ಹಾಕಿ. ಆದರೂ ಗರ್ ಅಂದರೆ ಒಮ್ಮೆ ಮೊದಲ ಗೇರಿಗೆ ಹಾಕಿ, ಕ್ಲಚ್ ಬಿಡದೆ ರಿವರ್ಸಿಗೆ ತನ್ನಿ. ಮೊದಲ ಗೇರಿನ ಸಿಂಕ್ರೊ ಒಳಗಿನ ಶಾಫ್ಟನ್ನು ನಿಲ್ಲಿಸಿಕೊಡುತ್ತದೆ.

ಆಟೋಮ್ಯಾಟಿಕ್ ಇರುವವರು ಕೈ ಎತ್ತುತ್ತಿದ್ದೀರಿ. ಚುಟುಕಾಗಿ ಹೇಳುತ್ತೇನೆ. ಲಿವರ್ ಪಾರ್ಕಿನಿಂದ ಹೊರಗೇ ಬರದಿದ್ದರೆ ಮೊದಲು ಬ್ರೇಕ್ ಲೈಟ್ ನೋಡಿ. ಬ್ರೇಕ್ ಒತ್ತಿದ್ದು ಕಾರಿಗೆ ಗೊತ್ತಾಗದಿದ್ದರೆ ಅದು ಲಿವರ್ ಬಿಡುವುದಿಲ್ಲ. ಲೈಟೂ ಹತ್ತದಿದ್ದರೆ ಪೆಡಲ್ಲಿನ ಸ್ವಿಚ್ಚೋ ಫ್ಯೂಸೋ ಹೋಗಿದೆ. ಎಎಂಟಿ ಕಾರು, 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಇಲ್ಲಿಗೆ ಬಂದದ್ದು, ಒಳಗೆ ಮ್ಯಾನ್ಯುಯಲ್ಲೇ. ಕ್ಲಚ್ ಒತ್ತಲು ಕಾಲಿನ ಬದಲು ಯಂತ್ರ ಇದೆ, ಅಷ್ಟೇ. ಬ್ಯಾಟರಿ ಸೋತಿದ್ದರೆ, ಆ ಯಂತ್ರದ ಎಣ್ಣೆ ಕಡಿಮೆಯಾಗಿದ್ದರೆ ರಿವರ್ಸ್ ಕೈಕೊಡುತ್ತದೆ. ಕ್ಲಚ್ ಸವೆದಿದ್ದರೆ ಸ್ಕ್ಯಾನರ್ ಹಾಕಿ ಕ್ಲಚ್ ಎಲ್ಲಿ ಕಚ್ಚುತ್ತದೆ ಅಂತ ಕಾರಿನ ಕಂಪ್ಯೂಟರಿಗೆ ಹೊಸದಾಗಿ ಕಲಿಸಬೇಕು. ಟಾರ್ಕ್ ಕನ್ವರ್ಟರ್ ಕಾರಿನಲ್ಲಿ, ಅಂದರೆ ಕ್ಲಚ್ ಪ್ಲೇಟಿನ ಬದಲು ಎಣ್ಣೆಯ ಮೂಲಕ ಬಲ ದಾಟಿಸುವ ಆಟೋಮ್ಯಾಟಿಕ್ಕಿನಲ್ಲಿ, ರಿವರ್ಸ್ ಹಾಕಿದರೂ ಕಾರು ಕದಲದಿದ್ದರೆ ಎಣ್ಣೆಯ ಮಟ್ಟ ನೋಡಿಸಿ, ಮೂಸಿ ನೋಡಿ. ಸುಟ್ಟ ವಾಸನೆ ಇದ್ದರೆ ಅದನ್ನು ಬಲ್ಲವರಲ್ಲಿಗೆ ಎಳೆಸಿಕೊಂಡು ಹೋಗಿ, ಓಡಿಸಬೇಡಿ.

ಮಾತು ಮುಗಿದಮೇಲೆ ಘಾಟ್‌ಕೋಪರಿನ ಹಿರಿಯರೊಬ್ಬರು ಎದ್ದು ಕೇಳಿದರು: "ಇದೆಲ್ಲ ಸರಿ ಮಾರಾಯ್ರೆ, ಬೆಳಗ್ಗೆ ಎಂಟು ಗಂಟೆಗೆ, ಮೂತಿ ಗೋಡೆಗೆ ತಾಗಿದೆ, ರಿವರ್ಸ್ ಬೀಳ್ತಾ ಇಲ್ಲ. ಆಗ ಏನು ಮಾಡಬೇಕು?"

ಇಂಜಿನ್ ಆಫ್ ಮಾಡಿ ರಾಯರೇ. ನ್ಯೂಟ್ರಲ್ ಮಾಡಿ, ಇಬ್ಬರನ್ನು ಕರೆದು ಬಾನೆಟ್ ಕಡೆಯಿಂದ ಹಿಂದಕ್ಕೆ ತಳ್ಳಿಸಿ, ನೀವು ಸೀಟಿನಲ್ಲಿ ಕೂತು ಸ್ಟೀರಿಂಗ್, ಹ್ಯಾಂಡ್‌ಬ್ರೇಕ್ ಹಿಡಿದಿರಿ. ಇಂಜಿನ್ ಆಫ್ ಇದ್ದಾಗ ಬ್ರೇಕ್ ಗಟ್ಟಿ ಆಗುತ್ತದೆ, ಜೋರಾಗಿ ಒತ್ತಬೇಕು. ನೆಲ ಇಳಿಜಾರಾಗಿದ್ದರೆ ತಳ್ಳಿಸಲೇಬೇಡಿ, ಮೆಕ್ಯಾನಿಕನ್ನು ಅಲ್ಲಿಗೇ ಕರೆಸಿ. ಆಫ್ ಇದ್ದಾಗ ರಿವರ್ಸ್ ಹಾಕಿ, ಹಾಗೇ ಸ್ಟಾರ್ಟ್ ಮಾಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಕ್ಲಚ್ ಬಿಡದ ಕಾರು ಸ್ಟಾರ್ಟ್ ಆದ ಕೂಡಲೇ ಹಿಂದಕ್ಕೆ ಜಿಗಿಯುತ್ತದೆ. ನಮ್ಮ ಬಿಲ್ಡಿಂಗುಗಳಲ್ಲಿ ಬೆಳಗ್ಗೆ ಎಂಟಕ್ಕೆ ಕಾರುಗಳ ಹಿಂದೆ ಶಾಲೆಯ ವ್ಯಾನಿಗೆ ಕಾಯುವ ಮಕ್ಕಳು ನಿಂತಿರುತ್ತಾರೆ. ಅವತ್ತು ಲೋಕಲ್ ಹಿಡಿದು ಕೆಲಸಕ್ಕೆ ಹೋಗಿ. ಹೋಗುವ ಮೊದಲು ಮ್ಯಾಟ್ ಒಂದು ಸಲ ಎತ್ತಿ ನೋಡಿ.